ಪ್ರತ್ಯುತ್ತರದ ವಿಚಾರದಲ್ಲಿ ಕ್ರೈಸ್ತಶಾಸ್ತ್ರದ ವಿರೋಧಾಭಾಸಗಳು: ವಿಜಯಪುರದ ಇತಿಹಾಸವನ್ನು ಮುಂದಿಟ್ಟು ಒಂದು ವಿವೇಚನೆ

ಹತ್ತೊಂಬತ್ತನೆಯ ಶತಮಾನದ ಕರ್ನಾಟಕದ ಇತಿಹಾಸವನ್ನು ಬೋಧಿಸುವವರಿಗೆ ಕ್ರೈಸ್ತ ಮಿಶನರಿಗಳ ಬರಹಗಳು ಅನಿವಾರ್ಯವಾದ ಆಕರಗಳು. ಆ ಬರಹಗಳನ್ನು ಓದುವ ವಿದ್ಯಾರ್ಥಿಗಳು ಒಂದು ಸಂದೇಹವನ್ನು ತಪ್ಪದೆ ಎತ್ತುವರು. ಕಳೆದ ವರ್ಷ ನಮ್ಮ ತರಗತಿಯಲ್ಲಿಯೂ ಅದು ಎದ್ದಿತು. ತಿಕೋಟಾದಿಂದ ಬರುವ ವಿದ್ಯಾರ್ಥಿಯೊಬ್ಬನು ಬಾಸೆಲ್ ಮಿಶನ್ನಿನ ಕಿರುಹೊತ್ತಿಗೆಗಳ ಕಟುವಾದ ಧಾಟಿಯನ್ನು ಎತ್ತಿ ತೋರಿಸಿ, ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನು ಒಡ್ಡಬೇಕೆಂದು ಬೋಧಿಸುವ ಶಾಸ್ತ್ರದ ಅನುಯಾಯಿಗಳು ಅನ್ಯರ ದೇವತೆಗಳನ್ನು ಕುರಿತು ಹೀಗೆ ಬರೆದುದು ಹೇಗೆಂದು ಕೇಳಿದನು. ಬಬಲೇಶ್ವರದ ವಿದ್ಯಾರ್ಥಿನಿಯೊಬ್ಬಳು ಅದೇ ಶಾಸ್ತ್ರದ ಜ್ಞಾನೋಕ್ತಿಗಳೆಂಬ ಗ್ರಂಥವನ್ನು ತೆರೆದು, ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಕೆಂಬ ಅರ್ಥದ ವಾಕ್ಯವೊಂದನ್ನು ತೋರಿಸಿ, ಇದೇ ಅವರಿಗೆ ಆಧಾರವಾಗಿರಬೇಕೆಂದಳು. ಆದರೆ ಅದರ ಹಿಂದಿನ ವಾಕ್ಯವೇ ಹಾಗೆ ಉತ್ತರ ಕೊಡಬಾರದೆಂದು ವಿಧಿಸುತ್ತದೆ! ಅದನ್ನು ಓದಿದಾಗ ತರಗತಿಯಲ್ಲಿ ನಗೆ ಎದ್ದಿತು. ಹಾಗಾದರೆ ಬೈದರೂ ಶಾಸ್ತ್ರಸಮ್ಮತ, ಬಾಯಿ ಮುಚ್ಚಿಕೊಂಡಿದ್ದರೂ ಶಾಸ್ತ್ರಸಮ್ಮತವಷ್ಟೆ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ಈ ಮಾತು ಹಾಸ್ಯಕ್ಕೆ ಆಡಿದುದಾದರೂ ಅದರಲ್ಲಿ ಗುರುತರವಾದ ಆಕ್ಷೇಪವೊಂದು ಅಡಗಿದೆ. ಒಂದು ಶಾಸ್ತ್ರವು ಪರಸ್ಪರ ವಿರುದ್ಧವಾದ ಎರಡು ವಿಧಿಗಳನ್ನು ಕೊಡುವುದಾದರೆ, ಅದರ ಅನುಯಾಯಿಗಳ ನಡತೆಯನ್ನು ಆ ಶಾಸ್ತ್ರದಿಂದ ವಿವರಿಸುವುದಾಗಲಿ, ಆ ಶಾಸ್ತ್ರದಿಂದ ಅಳೆಯುವುದಾಗಲಿ ಸಾಧ್ಯವಾಗದು. ಆಗ ಇತಿಹಾಸಕಾರನು ಮಿಶನರಿಯ ಒಂದು ಮೃದುವಾದ ಪತ್ರವನ್ನು ನೋಡಿ ಅವನನ್ನು ಸಾಧುವೆಂದೂ, ಒಂದು ಕಟುವಾದ ಹೊತ್ತಿಗೆಯನ್ನು ನೋಡಿ ಅವನನ್ನು ದ್ವೇಷಿಯೆಂದೂ ಹೇಳುತ್ತ ಕುಳಿತುಕೊಳ್ಳಬೇಕಾದೀತು. ನಮ್ಮ ಪಠ್ಯಪುಸ್ತಕಗಳಲ್ಲಿ ಇವೆರಡೂ ಬಗೆಯ ತೀರ್ಪುಗಳು ಸಾಕಷ್ಟಿವೆ. ಆದುದರಿಂದ ಈ ವಿಧಿಗಳು ನಿಜವಾಗಿ ವಿರುದ್ಧವೋ, ವಿರುದ್ಧವೆಂದು ತೋರುವುವೋ ಎಂಬುದನ್ನು ಮೊದಲು ಪರಿಶೀಲಿಸಿ, ಅನಂತರ ವಿಜಯಪುರದ ಇತಿಹಾಸದ ಒಂದೆರಡು ಪ್ರಸಂಗಗಳಲ್ಲಿ ಅವು ಹೇಗೆ ವರ್ತಿಸಿದುವೆಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡ ಬೈಬಲಿನಲ್ಲಿ ಪ್ರತಿಯೊಂದು ವಾಕ್ಯಕ್ಕೂ ವಚನವೆಂದೇ ಹೆಸರು. ಬಸವಣ್ಣನವರ ಬಾಗೇವಾಡಿಯಿರುವ ಈ ಜಿಲ್ಲೆಯಲ್ಲಿ ವಚನವೆಂದರೆ ಓದುಗರ ಮನಸ್ಸು ಬೇರೆಡೆಗೆ ಹರಿಯುವುದು ಸಹಜವಾದುದರಿಂದ ನಾವು ವಾಕ್ಯವೆಂಬ ಪದವನ್ನೇ ಬಳಸಿದ್ದೇವೆ.

ಮೇಲೆ ಹೇಳಿದ ವಾಕ್ಯಗಳೆರಡೂ ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ 4 ಮತ್ತು 5ನೆಯವಾಗಿ ಒಂದರ ಬೆನ್ನಿಗೊಂದು ನಿಂತಿವೆ. ಮೊದಲನೆಯದು, ಮೂಢನ ಮೂಢತನಕ್ಕೆ ತಕ್ಕಂತೆ ಉತ್ತರಿಸಿದರೆ ನೀನೂ ಅವನಂತೆಯೇ ಆಗುವೆ ಎಂದು ಎಚ್ಚರಿಸುತ್ತದೆ. ಎರಡನೆಯದು, ಹಾಗೆ ಉತ್ತರಿಸದಿದ್ದರೆ ಅವನು ತನ್ನನ್ನು ತಾನೇ ಜ್ಞಾನಿಯೆಂದು ಎಣಿಸಿಕೊಳ್ಳುವನೆಂದು ಎಚ್ಚರಿಸುತ್ತದೆ. ಹೀಬ್ರೂ ಮೂಲದಲ್ಲಿ ತಕ್ಕಂತೆ ಎಂಬ ಅರ್ಥದ ಪದ ಎರಡು ಕಡೆಗಳಲ್ಲಿಯೂ ಅಕ್ಷರಶಃ ಒಂದೇ. ಈ ತೊಡಕನ್ನು ಕಂಡವರಲ್ಲಿ ನಮ್ಮ ವಿದ್ಯಾರ್ಥಿಗಳು ಮೊದಲಿಗರಲ್ಲ. ಯೆಹೂದ್ಯರ ಬಾಬಿಲೋನಿಯ ತಾಲ್ಮೂದಿನ ಶಬ್ಬತ್ ಎಂಬ ಪ್ರಕರಣದಲ್ಲಿ, ಜ್ಞಾನೋಕ್ತಿಗಳ ಮಾತುಗಳು ಒಂದನ್ನೊಂದು ಖಂಡಿಸುವುವಾದ ಕಾರಣ ಆ ಗ್ರಂಥವನ್ನೇ ಬಳಕೆಯಿಂದ ತೆಗೆದಿಡಬೇಕೆಂದು ಪಂಡಿತರು ಆಲೋಚಿಸಿದ್ದರೆಂದು ಹೇಳಿದೆ. ಪ್ರಸಂಗಿ ಎಂಬ ಮತ್ತೊಂದು ಗ್ರಂಥದ ಮೇಲೂ ಇಂತಹುದೇ ಆಕ್ಷೇಪ ಬಂದಿದ್ದು, ವಿಚಾರ ಮಾಡಿದಾಗ ಅದಕ್ಕೆ ಸಮಾಧಾನ ದೊರೆತಿತ್ತು. ಆದುದರಿಂದ ಇಲ್ಲಿಯೂ ಹುಡುಕಿ ನೋಡೋಣವೆಂದು ಅವರು ಆ ಆಲೋಚನೆಯನ್ನು ಕೈಬಿಟ್ಟರು. ಧರ್ಮಶಾಸ್ತ್ರದ ವಿಷಯದಲ್ಲಿ ಮೂಢನು ಮಾತನಾಡಿದರೆ ಉತ್ತರ ಕೊಡಬೇಕು, ಲೌಕಿಕ ವ್ಯವಹಾರದಲ್ಲಿ ಮಾತನಾಡಿದರೆ ಕೊಡಬಾರದು ಎಂಬುದು ಅವರು ಕಂಡ ಸಮಾಧಾನ. ತನಗೆ ತಗಲಿದ ನಿಂದೆಯನ್ನು ನುಂಗಿಕೊಳ್ಳಬಹುದು, ಧರ್ಮಕ್ಕೆ ತಗಲಿದ ತಪ್ಪು ವ್ಯಾಖ್ಯಾನವನ್ನು ಹಾಗೆಯೇ ಬಿಡಲಾಗದು ಎಂಬುದು ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಈ ಸಮಾಧಾನ ಜಾಣ್ಮೆಯದು. ಆದರೆ ಅದು ವಾಕ್ಯಗಳ ಹೊರಗಿನಿಂದ ತಂದುದು. ವಾಕ್ಯಗಳ ಒಳಗೇ ಒಂದು ಸೂಚನೆಯಿದೆ, ಅದನ್ನು ಕಾಣಲು ಕನ್ನಡದ ಓದುಗನಿಗೆ ವಿಶೇಷವಾದ ಅನುಕೂಲವೂ ಇದೆ. ತಕ್ಕ ಎಂಬ ನಮ್ಮ ಪದವು ತಗು ಎಂಬ ಧಾತುವಿನಿಂದ ಬಂದುದು. ಮಗನು ತಂದೆಗೆ ತಕ್ಕವನು ಎಂದಾಗ ಅದು ಸಾದೃಶ್ಯವನ್ನು ಹೇಳುತ್ತದೆ, ಅಂದರೆ ತಂದೆಯಂತೆಯೇ ಮಗ. ತಕ್ಕ ಶಾಸ್ತಿ ಮಾಡಿದರು ಎಂದಾಗ ಅದು ಅರ್ಹತೆಯನ್ನು ಹೇಳುತ್ತದೆ. ತಪ್ಪು ಮಾಡಿದವನಿಗೆ ಶಾಸ್ತಿ ಮಾಡುವವನು ಆ ತಪ್ಪನ್ನೇ ತಾನೂ ಮಾಡುವುದಿಲ್ಲ. ಈಗ ಎರಡು ವಾಕ್ಯಗಳನ್ನೂ ಅವುಗಳ ಕಾರಣಗಳೊಡನೆ ಓದಿರಿ. ಅವನಂತೆಯೇ ಆಗುವೆ ಎಂಬ ಕಾರಣವಿರುವಲ್ಲಿ ನಿಷೇಧಿಸಿರುವುದು ಮೂಢತನವನ್ನು ಹೋಲುವ ಉತ್ತರವನ್ನು. ಅವನು ಜ್ಞಾನಿಯೆಂದು ಬೀಗುವನು ಎಂಬ ಕಾರಣವಿರುವಲ್ಲಿ ವಿಧಿಸಿರುವುದು ಆ ಮೂಢತನಕ್ಕೆ ಸಲ್ಲಬೇಕಾದ ಉತ್ತರವನ್ನು. ನಮ್ಮ ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದು ಕರೆಯುವುದು ಇದನ್ನೇ: ಕೇಳಿದೊಡನೆ ವಿರೋಧ ತೋರಿ, ಶ್ಲೇಷೆಯನ್ನು ಬಿಡಿಸಿದೊಡನೆ ಅದು ಅಡಗುವುದು.

ಇಷ್ಟಕ್ಕೆ ನಿಲ್ಲಿಸಿದರೆ ವಿಷಯ ತೀರಿತೆಂಬ ಭ್ರಮೆ ಉಂಟಾದೀತು. 25ನೆಯ ಅಧ್ಯಾಯದ ಆರಂಭದಲ್ಲಿ, ಇವು ಸೊಲೊಮೋನನ ಜ್ಞಾನೋಕ್ತಿಗಳೆಂದೂ ಯೆಹೂದದ ಅರಸನಾದ ಹಿಜ್ಕೀಯನ ಜನರು ಇವನ್ನು ಪ್ರತಿಮಾಡಿದರೆಂದೂ ಹೇಳಿದೆ. ಎಂದರೆ ನಮ್ಮ ಮುಂದಿರುವುದು ಸಂಗ್ರಹಕಾರರ ಕೆಲಸ. ಹಲವು ಬಾಯಿಗಳಲ್ಲಿ ಬೆಳೆದ ಗಾದೆಗಳು ಸಂಗ್ರಹವಾದಾಗ ಒಂದಕ್ಕೊಂದು ಎದುರಾಗುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಮಾತು ಬೆಳ್ಳಿ ಮೌನ ಬಂಗಾರ ಎನ್ನುವ ನಾವೇ ಮೌನಂ ಸಮ್ಮತಿಲಕ್ಷಣಂ ಎಂದೂ ಅನ್ನುತ್ತೇವೆ, ಯಾರೂ ನಮ್ಮನ್ನು ಹಿಡಿದು ಪ್ರಶ್ನಿಸುವುದಿಲ್ಲ. ಆದರೆ ಗಾದೆಗಳನ್ನು ಸಂಗ್ರಹಿಸುವವನು ಎರಡು ವಿರುದ್ಧವಾದ ಗಾದೆಗಳನ್ನು ದೂರ ದೂರ ಇಟ್ಟು ತೊಡಕನ್ನು ಮರೆಸಬಹುದಾಗಿತ್ತು. ಈ ಸಂಗ್ರಹಕಾರನು ಬೇಕೆಂದೇ ಅವನ್ನು ಪಕ್ಕಪಕ್ಕದಲ್ಲಿರಿಸಿದ್ದಾನೆ. ಮಾತ್ರವಲ್ಲ, ಮೂಢರ ಲಕ್ಷಣಗಳನ್ನು ಹೇಳುತ್ತ ಹೋಗಿ 12ನೆಯ ವಾಕ್ಯದಲ್ಲಿ, ತನ್ನನ್ನು ತಾನೇ ಜ್ಞಾನಿಯೆಂದು ಎಣಿಸುವವನಿಗಿಂತ ಮೂಢನ ವಿಷಯದಲ್ಲಿಯೇ ಹೆಚ್ಚು ನಿರೀಕ್ಷೆಯನ್ನಿಡಬಹುದೆಂದು ಮುಗಿಸುತ್ತಾನೆ. ಜ್ಞಾನಿಯೆಂಬ ಹಮ್ಮು 5ನೆಯ ವಾಕ್ಯದಲ್ಲಿ ಮೂಢನಿಗೆ ಬರಬಹುದಾದ ಅಪಾಯವಾಗಿತ್ತು. ಇಲ್ಲಿ ಅದು ಯಾರಿಗೂ ಬರಬಹುದಾದುದು. ಉತ್ತರ ಕೊಡಲು ಎದ್ದುನಿಂತವನಿಗೂ ಬರಬಹುದಾದುದು. ಎದುರಾಳಿಯನ್ನು ಮೂಢನೆಂದು ನಿರ್ಣಯಿಸುವ ಅಧಿಕಾರ ಉತ್ತರ ಕೊಡುವವನಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಈ ಅಧ್ಯಾಯದಲ್ಲಿ ಹೀಗೆ ಸದ್ದಿಲ್ಲದೆ ಏಳುತ್ತದೆ. ಇದನ್ನು ನಾವು ಮುಂದೆ ಮರೆಯಬಾರದು.

ಹೊಸ ಒಡಂಬಡಿಕೆಗೆ ಬಂದರೆ ಇಂತಹ ಜೋಡಿಗಳು ಹೆಚ್ಚುತ್ತವೆ. ಎಲ್ಲವನ್ನೂ ಪರಿಶೀಲಿಸಲು ಇಲ್ಲಿ ಅವಕಾಶವಿಲ್ಲ. ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯವು, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸದಾ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದಲೂ ಭಯದಿಂದಲೂ ಹೇಳಿರಿ ಎಂಬ ಅರ್ಥದ ಬೋಧೆಯನ್ನು ಕೊಡುತ್ತದೆ. ಲೂಕನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಯೇಸುವು ತನ್ನ ಶಿಷ್ಯರಿಗೆ, ಅಧಿಕಾರಿಗಳ ಮುಂದೆ ಏನು ಉತ್ತರಿಸಬೇಕೆಂದು ಮುಂಚಿತವಾಗಿ ಚಿಂತಿಸಬೇಡಿರೆಂದು ಹೇಳುತ್ತಾನೆ. ಸಿದ್ಧನಾಗಿರುವುದು, ಸಿದ್ಧಪಡಿಸಿದ ಭಾಷಣವನ್ನು ಇಟ್ಟುಕೊಳ್ಳದಿರುವುದು, ಇವೆರಡನ್ನೂ ಒಟ್ಟಿಗೆ ಪಾಲಿಸುವುದು ಅಸಾಧ್ಯವೇನಲ್ಲ. ಪ್ರತಿದಿನವೂ ತರಗತಿಗೆ ಹೋಗುವ ಅಧ್ಯಾಪಕನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತಾಯನ 7ನೆಯ ಅಧ್ಯಾಯ ಹೆಚ್ಚು ಕಠಿಣವಾದುದು. ಅದರ ಮೊದಲ ವಾಕ್ಯ ಪರರ ವಿಷಯದಲ್ಲಿ ತೀರ್ಪು ಮಾಡಬಾರದೆನ್ನುತ್ತದೆ, 6ನೆಯದು ಹಂದಿಗಳ ಮುಂದೆ ಮುತ್ತುಗಳನ್ನು ಚೆಲ್ಲಬಾರದೆನ್ನುತ್ತದೆ. ತೀರ್ಪು ಮಾಡದೆ ಹಂದಿ ಯಾವುದೆಂದು ತಿಳಿಯುವುದಾದರೂ ಹೇಗೆ? ಇವೆರಡರ ನಡುವೆ ತನ್ನ ಕಣ್ಣಿನಲ್ಲಿರುವ ತೊಲೆಯನ್ನು ಮೊದಲು ತೆಗೆಯಬೇಕೆಂಬ ಮಾತು ನಿಂತಿದೆ. ಈ ಕ್ರಮವು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಇನ್ನು ಕೆನ್ನೆಯ ಮಾತು. ಅದನ್ನು ಆಡಿದ ಯೇಸುವೇ ಮಹಾಯಾಜಕನ ಮುಂದೆ ಓಲೇಕಾರನೊಬ್ಬನು ಹೊಡೆದಾಗ ಮೌನವಾಗಿ ಮತ್ತೊಂದು ಕೆನ್ನೆಯನ್ನು ಒಡ್ಡಲಿಲ್ಲ. ತಾನು ತಪ್ಪಾಗಿ ಆಡಿದ್ದರೆ ಆ ತಪ್ಪನ್ನು ತೋರಿಸಬೇಕೆಂದೂ, ಇಲ್ಲವಾದರೆ ಹೊಡೆದುದು ಏತಕ್ಕೆಂದೂ ಕೇಳಿದನೆಂದು ಯೋಹಾನನ 18ನೆಯ ಅಧ್ಯಾಯದಲ್ಲಿದೆ. ಅದೇ ರಾತ್ರಿ ಕಳೆದು ಬೆಳಗಾದ ಮೇಲೆ, ಪಿಲಾತನ ಮುಂದೆ ಯಾಜಕರು ಹೊರಿಸಿದ ಆರೋಪಗಳಿಗೂ, ಚಮತ್ಕಾರವನ್ನು ನೋಡುವ ಕುತೂಹಲದಿಂದ ಹೆರೋದನು ಹಾಕಿದ ಪ್ರಶ್ನೆಗಳಿಗೂ ಉತ್ತರವನ್ನೇ ಕೊಡಲಿಲ್ಲ. ಇನ್ನೊಮ್ಮೆ, ನಿನಗೆ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದ ಯಾಜಕರಿಗೆ ಯೋಹಾನನ ದೀಕ್ಷಾಸ್ನಾನವನ್ನು ಕುರಿತ ಮರುಪ್ರಶ್ನೆಯನ್ನೇ ಉತ್ತರವಾಗಿ ಎಸೆದನು. ಒಬ್ಬನೇ ವ್ಯಕ್ತಿ, ಮೂರು ಬಗೆಯ ನಡೆ. ಪ್ರತಿಯೊಂದು ಕಡೆಯಲ್ಲಿಯೂ ಪ್ರಶ್ನೆ ಕೇಳಿದವನಿಗೆ ಉತ್ತರ ಬೇಕಾಗಿತ್ತೋ, ಬೇರೇನೋ ಬೇಕಾಗಿತ್ತೋ ಎಂಬುದರ ಮೇಲೆ ನಡೆ ಬದಲಾಗಿದೆ.

ಒಂದು ಜೋಡಿಯನ್ನು ಮಾತ್ರ ಪೂರ್ತಿಯಾಗಿ ಸಮನ್ವಯಗೊಳಿಸಬಹುದೆಂದು ನಮಗೆ ತೋರುವುದಿಲ್ಲ. ಸಹೋದರನನ್ನು ಮೂರ್ಖನೆನ್ನುವವನು ನರಕಾಗ್ನಿಗೆ ಗುರಿಯಾಗುವನೆಂದು ಮತ್ತಾಯನ 5ನೆಯ ಅಧ್ಯಾಯ ಹೇಳಿದರೆ, 23ನೆಯ ಅಧ್ಯಾಯದಲ್ಲಿ ಯೇಸುವೇ ಶಾಸ್ತ್ರಿಗಳನ್ನೂ ಫರಿಸಾಯರನ್ನೂ ಕುರುಡ ಮೂರ್ಖರೆಂದು ಕರೆಯುತ್ತಾನೆ. ಗ್ರೀಕಿನಲ್ಲಿ ಎರಡು ಕಡೆಗೂ ಪದವೊಂದೇ. ಪ್ರಾಚೀನ ಲಿಪಿಕಾರರಿಗೂ 5ನೆಯ ಅಧ್ಯಾಯದ ಕಾಠಿಣ್ಯ ಅಸಹನೀಯವಾಗಿದ್ದಿರಬೇಕು. ಅಲ್ಲಿ ಕೋಪವನ್ನು ನಿಷೇಧಿಸುವ ಮಾತಿಗೆ ಅನೇಕ ಹಸ್ತಪ್ರತಿಗಳಲ್ಲಿ ನಿಷ್ಕಾರಣವಾಗಿ ಎಂಬರ್ಥದ ಪದವೊಂದು ಸೇರಿಕೊಂಡಿದೆ. ಮೊದಲನೆಯದು ಸಮಾನನಾದ ಸಹೋದರನನ್ನು ಕುರಿತುದು, ಎರಡನೆಯದು ಮೋಶೆಯ ಪೀಠದಲ್ಲಿ ಕುಳಿತು ಜನರ ಮೇಲೆ ಹೊರೆ ಹೊರಿಸುವವರನ್ನು ಕುರಿತುದು ಎಂಬ ಭೇದವನ್ನು ಗಮನಿಸಬಹುದು. ಆದರೂ ಗಂಟು ಪೂರ್ತಿಯಾಗಿ ಬಿಚ್ಚುವುದಿಲ್ಲ.

ಹಾಗಿದ್ದರೂ ಈ ಭೇದವೇ ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು. ಪೇತ್ರನ ಪತ್ರವು ಇಂದಿನ ತುರ್ಕಿಯ ಪ್ರಾಂತಗಳಲ್ಲಿ ಪರದೇಶಿಗಳಂತೆ ಚದರಿ ಬಾಳುತ್ತಿದ್ದ, ನೆರೆಹೊರೆಯವರ ಸಂಶಯಕ್ಕೆ ಗುರಿಯಾಗಿದ್ದ ಸಣ್ಣ ಗುಂಪುಗಳಿಗೆ ಬರೆದುದು. ಅಲ್ಲಿ ಉತ್ತರವೆಂಬುದಕ್ಕೆ ಬಳಸಿರುವ ಗ್ರೀಕ್ ಪದವು ನ್ಯಾಯಸ್ಥಾನದಲ್ಲಿ ಆಪಾದಿತನು ಹೇಳಿಕೊಳ್ಳುವ ಸಮರ್ಥನೆಗೆ ಸಲ್ಲುವ ಪದ. ಕೇಳುವವನು ಬಲವಂತ, ಉತ್ತರಿಸುವವನು ದುರ್ಬಲ. ಇದೇ ವಾಕ್ಯವನ್ನು ಬಲವಂತನು ಕೈಗೆತ್ತಿಕೊಂಡರೆ ಏನಾಗುವುದು? ಶಾಸ್ತ್ರದ ಪುಟದಲ್ಲಿ ಇದಕ್ಕೆ ಉತ್ತರವಿಲ್ಲ. ವಿಜಯಪುರದ ಇತಿಹಾಸದಲ್ಲಿ ಉಂಟು.

ಒಂದನೆಯ ಅಲಿ ಆದಿಲಶಾಹನು 1558ರಲ್ಲಿ ಪಟ್ಟಕ್ಕೆ ಬಂದು ತನ್ನ ತಂದೆಯ ಸುನ್ನಿ ಪಂಥವನ್ನು ಬಿಟ್ಟು ಶಿಯಾ ಪಂಥವನ್ನು ರಾಜ್ಯದಲ್ಲಿ ನೆಲೆಗೊಳಿಸಿದವನು. ಪುಸ್ತಕಪ್ರಿಯನಾದ ಈತನು ದಂಡಯಾತ್ರೆಗಳಲ್ಲಿಯೂ ಗ್ರಂಥಗಳ ಪೆಟ್ಟಿಗೆಗಳನ್ನು ಜೊತೆಯಲ್ಲಿ ಒಯ್ಯುತ್ತಿದ್ದನೆಂಬುದು ಪ್ರಸಿದ್ಧ. ಮತವಿಚಾರದ ಚರ್ಚೆ ಅವನ ಆಸ್ಥಾನಕ್ಕೆ ಹೊಸದಲ್ಲ. 1561ರಲ್ಲಿ ಅವನು ಗೋವೆಯ ಆರ್ಚ್‌ಬಿಷಪ್ ಗಸ್ಪಾರ್ ದ ಲೆಯಾಂವ್ ಅವರಲ್ಲಿ ವಿದ್ವಾಂಸರಾದ ಪಾದ್ರಿಗಳನ್ನು ಕಳುಹಿಸಬೇಕೆಂದು ಕೋರಿದನು. ಅದರಂತೆ ಜೆಸುಯಿಟ್ ಪಂಥದ ಗೊನ್ಸಾಲೊ ರೊಡ್ರಿಗೆಸ್, ಡೊಮಿನಿಕನ್ ಪಂಥದ ಆಂತೋನಿಯೊ ಪೆಗಾದೊ ಎಂಬಿಬ್ಬರು ವಿಜಾಪುರಕ್ಕೆ ಬಂದರು. ಅಕ್ಬರನ ಆಸ್ಥಾನಕ್ಕೆ ಜೆಸುಯಿಟರ ಮೊದಲ ತಂಡ ತಲುಪಿದುದು 1580ರಲ್ಲಿ. ಫತೇಪುರದ ಆ ಚರ್ಚೆಗಳನ್ನು ಎಲ್ಲ ಪುಸ್ತಕಗಳೂ ವರ್ಣಿಸುವುವು. ಅದಕ್ಕಿಂತ ಹತ್ತೊಂಬತ್ತು ವರ್ಷ ಮೊದಲೇ ನಮ್ಮ ಊರಿನಲ್ಲಿ ನಡೆದುದನ್ನು ನಮ್ಮ ವಿದ್ಯಾರ್ಥಿಗಳೂ ಅರಿಯರು.

ಪಾದ್ರಿಗಳು ಬಂದರು, ಹೋದರು, ಸುಲ್ತಾನನು ಮತಾಂತರ ಹೊಂದಲಿಲ್ಲ. ಅರಸನ ಆಹ್ವಾನಗಳಲ್ಲಿ ಶುದ್ಧವಾದ ಜಿಜ್ಞಾಸೆಯನ್ನು ಮಾತ್ರ ಕಾಣುವುದು ಮುಗ್ಧತೆಯಾದೀತು. ಆದಿಲಶಾಹಿ ಸಿಂಹಾಸನಕ್ಕೆ ಹಕ್ಕುದಾರನೆಂದು ಪೋರ್ತುಗೀಜರು ಇಟ್ಟುಕೊಂಡಿದ್ದ ಅಬ್ದುಲ್ಲನೆಂಬ ರಾಜಕುಮಾರನು, ಎಂದರೆ ಅಲಿಯ ಚಿಕ್ಕಪ್ಪನು, ಆಗ ಗೋವೆಯಲ್ಲಿದ್ದನು. ಗೋವೆಯೊಡನೆ ಮಾತುಕತೆಯ ದಾರಿಯನ್ನು ತೆರೆದಿಡುವುದು ಅಲಿಗೆ ಅವಶ್ಯವಾಗಿತ್ತು. ಪ್ರಶ್ನೆ ಕೇಳಿದವನಿಗೆ ಬೇಕಾದುದು ಉತ್ತರವೊಂದೇ ಅಲ್ಲ ಎಂದು ಹೆರೋದನ ಪ್ರಸಂಗದಲ್ಲಿ ನಾವು ಕಂಡುದನ್ನು ಇಲ್ಲಿ ನೆನೆಯಬಹುದು.

ಆದರೆ ಹೆಚ್ಚು ಗಮನಿಸಬೇಕಾದುದು ಉತ್ತರಿಸಲು ಬಂದವರ ಸ್ಥಿತಿ. ವಿಜಾಪುರದಲ್ಲಿ ಅವರು ಇಬ್ಬರೇ. ಪರರಾಜ್ಯದಲ್ಲಿ, ಪರಮತದ ಅರಸನ ಮುಂದೆ, ಅವನ ಅನುಗ್ರಹದಿಂದ ನಿಂತವರು. ಪೇತ್ರನ ಪತ್ರದ ಓದುಗರ ಸ್ಥಿತಿಗೆ ಇದು ಸಮೀಪವಾದುದು. ಸಾತ್ವಿಕತೆ ಅಲ್ಲಿ ಸದ್ಗುಣವೂ ಹೌದು, ಅನಿವಾರ್ಯವೂ ಹೌದು. ಅವರನ್ನು ಕಳುಹಿಸಿದ ಗೋವೆಯಲ್ಲಾದರೋ ಅದರ ಹಿಂದಿನ ವರ್ಷ, 1560ರಲ್ಲಿ, ಇನ್‌ಕ್ವಿಸಿಶನ್ ಎಂಬ ಮತವಿಚಾರಣಾ ನ್ಯಾಯಸ್ಥಾನ ಸ್ಥಾಪಿತವಾಗಿತ್ತು. ಅಲ್ಲಿ ಪ್ರಶ್ನೆ ಕೇಳುವವರು ಪಾದ್ರಿಗಳು. ಉತ್ತರ ಕೊಡಬೇಕಾದವರು, ತಪ್ಪು ಉತ್ತರಕ್ಕೆ ದಂಡ ತೆರಬೇಕಾದವರು ಇತರರು. ಪಶ್ಚಿಮಘಟ್ಟದ ಈಚೆಗೂ ಆಚೆಗೂ ಶಾಸ್ತ್ರ ಒಂದೇ, ಕಾಲವೂ ಒಂದೇ. ಅಧಿಕಾರ ಯಾರ ಕೈಯಲ್ಲಿತ್ತೆಂಬುದು ಮಾತ್ರ ಬೇರೆ. ವಿಜಾಪುರದ ಪ್ರಸಂಗವೊಂದನ್ನೇ ನೋಡಿ ಪೋರ್ತುಗೀಜ್ ಪಾದ್ರಿಗಳ ವಿದ್ವತ್ತನ್ನೂ ವಿನಯವನ್ನೂ ಹೊಗಳುವುದಾಗಲಿ, ಗೋವೆಯ ನ್ಯಾಯಸ್ಥಾನವೊಂದನ್ನೇ ನೋಡಿ ಕ್ರೈಸ್ತಶಾಸ್ತ್ರವೇ ಇಷ್ಟೆನ್ನುವುದಾಗಲಿ ಅರ್ಧಸತ್ಯ.

ಈ ಆರ್ಚ್‌ಬಿಷಪ್ಪರ ಕತೆಗೆ ಇನ್ನೊಂದು ತುದಿಯಿದೆ. 1570ರಲ್ಲಿ ಅಲಿ ಆದಿಲಶಾಹನು ಗೋವೆಯನ್ನು ಮುತ್ತಿ, ಆ ಮುತ್ತಿಗೆ ಫಲಿಸದೆ 1571ರಲ್ಲಿ ಒಪ್ಪಂದವಾಯಿತು. ಅದಾದ ಮೇಲೆ 1573ರಲ್ಲಿ ಗಸ್ಪಾರ್ ದ ಲೆಯಾಂವ್ ಅವರು ಇಸ್ಲಾಂ ಮತವನ್ನು ಖಂಡಿಸುವ ಪೋರ್ತುಗೀಜ್ ಗ್ರಂಥವೊಂದನ್ನು ಗೋವೆಯಲ್ಲಿ ಅಚ್ಚು ಹಾಕಿಸಿದರು. ಅದು ಕ್ರೈಸ್ತನೊಬ್ಬನಿಗೂ ತುರ್ಕನೊಬ್ಬನಿಗೂ ನಡೆದ ಸಂವಾದದ ರೂಪದಲ್ಲಿದೆ. ಜೀವಂತನಾದ ಸುಲ್ತಾನನೊಡನೆ ಮಾತನಾಡಲು ಜನರನ್ನು ಕಳುಹಿಸಿದವರು, ಹನ್ನೆರಡು ವರ್ಷಗಳ ತರುವಾಯ ಎರಡೂ ಪಕ್ಷಗಳ ಮಾತುಗಳನ್ನು ತಾವೇ ಬರೆದುಕೊಂಡರು. ಒಬ್ಬನೇ ಬರೆದ ಸಂವಾದದಲ್ಲಿ ಎದುರಾಳಿಯು ಗೆಲ್ಲುವುದನ್ನು ನಾವು ಇದುವರೆಗೆ ಎಲ್ಲಿಯೂ ಕಂಡಿಲ್ಲ.

ಈ ಪ್ರಾಂತದ ರೈತರು ಸಂವಾದವನ್ನು ಹೀಗೆ ಏಕಪಕ್ಷೀಯವಾಗಿ ನಡೆಸಲು ಒಪ್ಪರು. ಅಥಣಿಯ ದಾರಿಯ ತಿಕೋಟಾ, ಜಮಖಂಡಿಯ ದಾರಿಯ ಬಬಲೇಶ್ವರ, ಈಚೆಗೆ ತಾಲ್ಲೂಕು ಕೇಂದ್ರಗಳಾದ ಈ ಎರಡು ಊರುಗಳ ಸುತ್ತಿನ ಸೀಮೆ ಗೀಗೀ ಪದಗಳ ನಾಡು. ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಮೇಳಗಳು ಎದುರುಬದುರಾಗಿ ನಿಂತು ದಪ್ಪು, ತುಂತುಣಿ, ತಾಳಗಳೊಡನೆ ವಾದ ಹೂಡುವುವು. ಹರದೇಶಿಯವರದು ಪುರುಷನ, ಶಿವನ ಪಕ್ಷ. ನಾಗೇಶಿಯವರದು ಸ್ತ್ರೀಯ, ಶಕ್ತಿಯ ಪಕ್ಷ. ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳ ಹಾಡಿಯೇ ಜವಾಬು ಕೊಡಬೇಕು. ಮೂದಲಿಕೆಗೆ ಮೂದಲಿಕೆಯೂ ಉಂಟು. ಎಂದರೆ ಸಾದೃಶ್ಯದ ಅರ್ಥದಲ್ಲಿಯೂ ಅದು ತಕ್ಕ ಉತ್ತರವೇ. ಆದರೆ ಎರಡು ಮೇಳಗಳಿಗೂ ಕಟ್ಟೆ ಒಂದೇ, ಸಭೆ ಒಂದೇ. ಸೋತವರನ್ನು ಯಾವ ನ್ಯಾಯಸ್ಥಾನವೂ ವಿಚಾರಿಸುವುದಿಲ್ಲ. ಮೇಲೆ ಹೇಳಿದ ವಿದ್ಯಾರ್ಥಿಗಳಿಬ್ಬರೂ ಈ ಪದಗಳನ್ನು ಬಾಲ್ಯದಿಂದ ಕೇಳಿದವರು. ಬೈಗುಳವಿದ್ದರೂ ದ್ವೇಷವಿಲ್ಲದಿರಲು ಈ ಸಮಾನತೆಯೇ ಕಾರಣವೆಂದು ತಿಕೋಟಾದ ವಿದ್ಯಾರ್ಥಿಯೇ ಹೇಳಿದನು. ನಾವು ಆ ಮಾತನ್ನು ಅವನಿಂದ ಕಲಿತೆವು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಕಟ್ಟೆ ಸಮವಾಗಿರಲಿಲ್ಲ. ಬ್ರಿಟಿಶ್ ಪಾರ್ಲಿಮೆಂಟಿನ 1833ರ ಶಾಸನವು ಅನ್ಯ ಐರೋಪ್ಯ ದೇಶಗಳ ಮಿಶನರಿಗಳಿಗೆ ಇಂಡಿಯದ ಬಾಗಿಲನ್ನು ತೆರೆಯಲು, 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಉತ್ತರಕ್ಕೆ ಸರಿಯುತ್ತ ಅದು 1885ರಲ್ಲಿ ವಿಜಾಪುರದಲ್ಲಿ ಠಾಣೆ ಹೂಡಿತು. ಜಿಲ್ಲೆಯ ಆಡಳಿತ ಕೇಂದ್ರವು ಈ ನಗರಕ್ಕೆ ಬಂದುದೂ ಅದೇ ವರ್ಷ. ಈ ಜರ್ಮನ್ ಮತ್ತು ಸ್ವಿಸ್ ಮಿಶನರಿಗಳು ಸರಕಾರದ ನೌಕರರಲ್ಲ. ಅಧಿಕಾರಿಗಳೊಡನೆ ಅವರಿಗೆ ಅನೇಕ ವೇಳೆ ಭಿನ್ನಾಭಿಪ್ರಾಯಗಳೂ ಇದ್ದುವು. ಆದರೂ ಪೇಟೆಯಲ್ಲಿ ನಿಂತು ಉಪದೇಶಿಸುವ ಬಿಳಿಯನ ಹಿಂದೆ ಕಲೆಕ್ಟರನ ನೆರಳನ್ನು ಕೇಳುಗರು ಕಾಣದಿರುವುದು ಸಾಧ್ಯವಿರಲಿಲ್ಲ. ಅವನು ಮೃದುವಾಗಿ ಆಡಿದ ಮಾತೂ ಅವರ ಕಿವಿಗೆ ಬೇರೆಯಾಗಿ ಕೇಳಿಸಿರಬೇಕು.

ಮಂಗಳೂರು ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗರನ್ನೇ ತೆಗೆದುಕೊಳ್ಳೋಣ. ಮಂಗಳೂರು, ಹುಬ್ಬಳ್ಳಿ, ಕೊಡಗುಗಳಲ್ಲಿ ದುಡಿದ ಇವರು ದೇವವಿಚಾರಣೆ, ಈರಾರು ಪತ್ರಗಳು ಮೊದಲಾದ ಹೊತ್ತಿಗೆಗಳಲ್ಲಿ ಈ ದೇಶದ ಮತಾಚಾರಗಳನ್ನು ಖಂಡಿಸಿದರು. 5ನೆಯ ವಾಕ್ಯವನ್ನು ಪಾಲಿಸುತ್ತಿದ್ದೇವೆಂಬ ವಿಶ್ವಾಸ ಅಲ್ಲಿ ಕಾಣುತ್ತದೆ. ಎದುರಿನವನು ಮೂಢನೆಂಬುದನ್ನು ಸಿದ್ಧಪಡಿಸುವ ಗೋಜಿಗೆ ಅವು ಹೋಗುವುದಿಲ್ಲ, ಅದನ್ನು ಗೃಹೀತವೆಂದೇ ಹಿಡಿಯುವುವು. ಆದರೆ ಇದೇ ಮೊಗ್ಲಿಂಗರು ಇದೇ ಕಾಲದಲ್ಲಿ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ 1848ರಿಂದ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ, 1850ರಲ್ಲಿ ಬಸವಪುರಾಣವನ್ನೂ, 1851ರಲ್ಲಿ ಚೆನ್ನಬಸವಪುರಾಣವನ್ನೂ ಅಚ್ಚು ಹಾಕಿಸಿದರು. ವುರ್ಥ್ ಎಂಬ ಮತ್ತೊಬ್ಬ ಮಿಶನರಿಯು ಬಸವಪುರಾಣವನ್ನು ಪಾಶ್ಚಾತ್ಯ ವಿದ್ವಾಂಸರಿಗಾಗಿ ಅನುವಾದಿಸಿದನು. ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕಥಾಮಾಲೆಯೆಂಬ ಹೆಸರಿನಿಂದ ಕನ್ನಡ ಛಂದಸ್ಸಿನಲ್ಲಿ ಬರೆದುದಲ್ಲದೆ, 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ನಮ್ಮ ಗಾದೆಗಳನ್ನು ಆದರದಿಂದ ಪೋಣಿಸಿದರು. ಎದುರಾಳಿಯನ್ನು ತಿದ್ದಬೇಕಾದರೆ ಮೊದಲು ಅವನ ಮಾತನ್ನು ಅರಿಯಬೇಕೆಂಬ ಲೆಕ್ಕಾಚಾರ ಈ ಕೆಲಸಗಳ ಆರಂಭದಲ್ಲಿ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಕೆಲಸ ಮುಂದುವರಿದಂತೆ ಲೆಕ್ಕಾಚಾರವು ಹಿಂದೆ ಸರಿದು ಅಕ್ಕರೆ ಮುಂದೆ ಬಂದಿತೆಂಬುದಕ್ಕೆ ಕಿಟ್ಟೆಲರ ನಿಘಂಟಿನ ಯಾವ ಪುಟವನ್ನಾದರೂ ತೆರೆದು ನೋಡಬಹುದು. ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ಯಾರಾರಿಗೆ ಹೇಗೆ ಹೇಗೆ ಉತ್ತರಿಸಬೇಕೆಂಬುದನ್ನು ತಿಳಿದುಕೊಳ್ಳಿರಿ ಎಂಬ ಅರ್ಥದ ಮಾತಿದೆ. ಒಬ್ಬೊಬ್ಬನೂ ಬೇರೆ ಬೇರೆ ಎಂಬ ಅರಿವು ಹೊತ್ತಿಗೆಯಲ್ಲಿ ಬರುವುದು ಕಷ್ಟ, ನಿಘಂಟಿನಲ್ಲಿ ತಾನಾಗಿ ಬರುವುದು.

ಈ ಉತ್ತರಗಳಿಗೆ ನಮ್ಮವರ ಪ್ರತ್ಯುತ್ತರವೇನೆಂಬುದು ಪ್ರತ್ಯೇಕ ಲೇಖನದ ವಿಷಯ. ವಿಜಾಪುರದ ಮಟ್ಟಿಗೆ ಫ. ಗು. ಹಳಕಟ್ಟಿಯವರನ್ನು ಹೆಸರಿಸದೆ ಇರಲಾಗದು. ಅವರು ಸಂಪಾದಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದಾಗ, ಇಂತಹ ತತ್ತ್ವಗಳು ಜನರಿಗೆ ಕನ್ನಡದಲ್ಲಿ ದೊರೆತರೆ ತಮ್ಮ ಪ್ರಚಾರಕ್ಕೆ ಎಡೆಯಿರದೆಂದು ಅಲ್ಲಿಯವರು ಅದನ್ನು ಮರಳಿಸಿದರೆಂಬ ಕತೆಯೊಂದು ಈ ನಗರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದನ್ನು ನಾವು ಕತೆಯೆಂದೇ ಹೇಳುತ್ತೇವೆ, ದಾಖಲೆಯೆಂದಲ್ಲ. ಗ್ರಂಥದ ಮೊದಲನೆಯ ಭಾಗ 1923ರಲ್ಲಿ ಹೊರಬಂದಿತೆಂಬುದೂ, ಅನಂತರ ಹಳಕಟ್ಟಿಯವರು ವಿಜಾಪುರದಲ್ಲಿ ಹಿತಚಿಂತಕವೆಂಬ ಸ್ವಂತ ಮುದ್ರಣಾಲಯವನ್ನು ನಡೆಸಿ 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರೆಂಬುದೂ ದಾಖಲೆಯ ಮಾತುಗಳು.

ಆ ತರಗತಿಯ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕಾಗಿ ಮಿಶನರಿ ಬರಹಗಳ ಒಂದು ಕೋಷ್ಟಕವನ್ನು ಸಿದ್ಧಪಡಿಸಿದ್ದರು. ಮೊದಲು ಅದರಲ್ಲಿ ಮೃದು, ಕಟು ಎಂಬ ಎರಡೇ ಅಂಕಣಗಳಿದ್ದುವು. ಈಗ ಅವನ್ನು ಹೊಡೆದುಹಾಕಿ, ಕೇಳಿದವರು ಯಾರು, ಉತ್ತರಿಸಿದವರು ಯಾರು, ಕೇಳಿಸಿಕೊಳ್ಳುತ್ತಿದ್ದವರು ಯಾರು, ಅಧಿಕಾರ ಯಾರ ಕೈಯಲ್ಲಿ ಎಂಬ ನಾಲ್ಕು ಅಂಕಣಗಳನ್ನು ಹಾಕಿಕೊಂಡಿದ್ದಾರೆ. 1561ರ ಸಾಲನ್ನು ಅವರು ತುಂಬಿದ್ದಾರೆ. ಮಂಗಳೂರಿನ ಮುದ್ರಣಾಲಯದ ಕತೆಯ ಸಾಲನ್ನು ಬಬಲೇಶ್ವರದ ವಿದ್ಯಾರ್ಥಿನಿಯು ಪೆನ್ಸಿಲಿನಿಂದ ಬರೆದು ಹಾಗೆಯೇ ಇಟ್ಟಿದ್ದಾಳೆ.